ಮಂಚದ ಪಕ್ಕದ ತೊಟ್ಟಿಲು: ಮೊದಲು ತವರಿನ ಮಂಚ ಅಳೆಯಿರಿ

ಪ್ರಶ್ನೆ: ನನಗೆ ಈಗ ಏಳು ತಿಂಗಳು. ಮೊದಲ ಹೆರಿಗೆ. ನಾವಿರುವುದು ಬೆಂಗಳೂರಿನ ಫ್ಲ್ಯಾಟಿನಲ್ಲಿ. ಸೀಮಂತ ಮುಗಿದ ಮೇಲೆ ಹಾವೇರಿಗೆ, ತವರಿಗೆ ಹೋಗುತ್ತೇನೆ. ಮಗುವಿಗೆ ಮೂರು ತಿಂಗಳಾದ ಮೇಲೆ ವಾಪಸ್ ಬರುತ್ತೇನೆ. ಮಂಚಕ್ಕೆ ತಾಗಿಸಿ ಇಡುವ ಬೆಡ್‌ಸೈಡ್ ಕ್ರಿಬ್ ಒಂದನ್ನು ನಮ್ಮ ಯಜಮಾನರು ಆನ್‌ಲೈನ್‌ನಲ್ಲಿ ನೋಡಿಟ್ಟಿದ್ದಾರೆ. ಬೆಲೆ ಹದಿನಾಲ್ಕು ಸಾವಿರ. ತೂಗಬಹುದು, ತಲೆಯ ಕಡೆ ಎತ್ತರಿಸಬಹುದು, ಒಳಗೆ ಸುತ್ತಲೂ ಮೆತ್ತನೆ ಪ್ಯಾಡ್ ಇದೆ. ನಮ್ಮ ಮಂಚಕ್ಕೆ ಸರಿಹೋಗುತ್ತೆ ಅಂತ ಅಳತೆಯೂ ನೋಡಿದ್ದಾರೆ. ಅಮ್ಮ ಬೇಡ ಅನ್ನುತ್ತಾರೆ. ‘ನೀನು ಮಲಗಿದ್ದ ತೊಟ್ಟಿಲೇ ಅಟ್ಟದ ಮೇಲಿದೆ, ರಾತ್ರಿ ಹೇಗೂ ನಿನ್ನ ಮಗ್ಗುಲಲ್ಲೇ ಮಲಗುತ್ತೆ’ ಅನ್ನುವುದು ಅವರ ಮಾತು. ಯಾವುದು ಸರಿ? ಕ್ರಿಬ್ ಕೊಳ್ಳುವುದಾದರೆ ಏನೇನು ನೋಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ‘ಮೂರು ತಿಂಗಳಾದ ಮೇಲೆ ವಾಪಸ್’ ಅನ್ನುವ ಮಾತು. ಬೆಡ್‌ಸೈಡ್ ಕ್ರಿಬ್ ಹೆಚ್ಚೆಂದರೆ ಐದಾರು ತಿಂಗಳು ಬಳಸುವ ಸಾಮಾನು. ಅದರಲ್ಲಿ ಮೊದಲ ಮೂರು ತಿಂಗಳು, ಅಂದರೆ ಅದು ನಿಜವಾಗಿ ಬೇಕಾಗುವ ಮೂರು ತಿಂಗಳು, ನೀವು ಹಾವೇರಿಯಲ್ಲಿರುತ್ತೀರಿ. ಯಜಮಾನರು ಅಳತೆ ನೋಡಿರುವುದು ಬೆಂಗಳೂರಿನ ಮಂಚಕ್ಕೆ. ಮಗು ಮಲಗುವುದು ತವರಿನ ಮಂಚದ ಪಕ್ಕ. ಹಾಗಾಗಿ ಇವತ್ತೇ ಅಪ್ಪನಿಗೆ ಫೋನ್ ಮಾಡಿ, ಟೇಪು ಹಿಡಿದು ಆ ಮಂಚ ಅಳೆಯಲು ಹೇಳಿ. ಏನನ್ನು ಅಳೆಯಬೇಕು ಅಂತ ಮುಂದೆ ಬರೆಯುತ್ತೇನೆ.

ಅದಕ್ಕೂ ಮುಂಚೆ ನೇರ ಉತ್ತರ ಕೊಟ್ಟುಬಿಡುತ್ತೇನೆ. ಅವರು ನೋಡಿಟ್ಟ ಕ್ರಿಬ್ ಬೇಡ. ನೀವು ಬರೆದ ಮೂರು ವಿಶೇಷಗಳಲ್ಲಿ ಎರಡು ಮಗುವಿಗೆ ಅಪಾಯ ತರುವಂಥವು, ಒಂದು ಬೇಕಾಗೇ ಇಲ್ಲ. ಆದರೆ ಕ್ರಿಬ್ ಇಡೋಣ ಅನ್ನುವ ಅವರ ಯೋಚನೆ ಒಳ್ಳೆಯದೇ. ಅಮ್ಮ ಹೇಳುವುದರಲ್ಲೂ ಅರ್ಧ ಸರಿಯಿದೆ. ರಾತ್ರಿ ಮಗು ನಿಮ್ಮ ಕೈಗೆ ಎಟುಕುವಷ್ಟು ಹತ್ತಿರ ಇರಲೇಬೇಕು. ಒಂದೇ ಕೋಣೆ, ಒಂದೇ ಮಗ್ಗುಲು, ಹಾಸಿಗೆ ಮಾತ್ರ ಬೇರೆ.

ಹಾಸಿಗೆ ಯಾಕೆ ಬೇರೆ ಬೇಕು ಅನ್ನುವುದು ಅರ್ಥವಾದರೆ ಅಂಗಡಿಯಲ್ಲಿ ಯಾರೂ ನಿಮಗೆ ಏನೇನೋ ಹೇಳಿ ಮಾರಲು ಆಗುವುದಿಲ್ಲ. ಆಗ ತಾನೇ ಹುಟ್ಟಿದ ಮಗುವನ್ನು ಒಮ್ಮೆ ಗಮನಿಸಿ ನೋಡಿ. ಅದರ ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ಅಷ್ಟು ಭಾರದ ತಲೆಯನ್ನು ಹೊರುವ ಶಕ್ತಿ ಆ ಕುತ್ತಿಗೆಗೆ ಇನ್ನೂ ಬಂದಿರುವುದಿಲ್ಲ. ಅದು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಉಸಿರಿನ ಕೊಳವೆ ಮೆದು, ಸಣ್ಣದು. ಗಲ್ಲ ಎದೆಗೆ ಒತ್ತಿಕೊಂಡರೆ ಸಾಕು, ನೀರಿನ ಪೈಪು ಮಡಚಿಕೊಂಡ ಹಾಗೆ ಆ ದಾರಿ ಕಿರಿದಾಗುತ್ತದೆ. ಮೆತ್ತನೆಯ ಬಟ್ಟೆಗೆ ಮೂಗು ಒತ್ತಿದರೆ ತಾನು ಬಿಟ್ಟ ಗಾಳಿಯನ್ನೇ ತಾನು ಮತ್ತೆ ಎಳೆದುಕೊಳ್ಳುತ್ತದೆ. ದೊಡ್ಡವರಾದರೆ ನಿದ್ದೆಯಲ್ಲೇ ಮುಖ ತಿರುಗಿಸುತ್ತೇವೆ. ಅದಕ್ಕೆ ಬರುವುದಿಲ್ಲ. ಅಳುವುದೂ ಇಲ್ಲ. ಪಕ್ಕದಲ್ಲಿ ಎಚ್ಚರವಾಗಿ ಕೂತವರಿಗೂ ಸದ್ದೇ ಕೇಳಿಸದ ಅಪಾಯ ಇದು.

ಮಲಗಿದ್ದ ಹಾಗೇ ಮಗು ತೀರಿಹೋಗುವ ಈ ಸಂಗತಿಗೆ ಹಠಾತ್ ಶಿಶು ಮರಣ ಅನ್ನುತ್ತಾರೆ. ಅದು ಅಪರೂಪ, ದಯವಿಟ್ಟು ಹೆದರಬೇಡಿ. ಆದರೆ ಆಗುವುದು ಹೆಚ್ಚಾಗಿ ಒಂದರಿಂದ ನಾಲ್ಕು ತಿಂಗಳೊಳಗೆ. ಆರು ತಿಂಗಳು ದಾಟಿದರೆ ಬಹುಪಾಲು ಅಪಾಯ ದಾಟಿದಂತೆ. ಇದನ್ನು ತಡೆಯುವ ದಾರಿಯೂ ಗೊತ್ತಿದೆ. ಮಗುವನ್ನು ಅಂಗಾತ ಮಲಗಿಸಿ ಅಂತ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಮನೆಮನೆಗೆ ಹೇಳಲು ಶುರು ಮಾಡಿದರು. ಮುಂದಿನ ಹತ್ತು ವರ್ಷದಲ್ಲಿ ಇಂಥ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಔಷಧಿ ಇಲ್ಲ, ಯಂತ್ರ ಇಲ್ಲ, ಮಗ್ಗುಲು ಬದಲಾಯಿಸಿದ್ದಷ್ಟೇ. ಅಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಸಲಹೆಗಳನ್ನು ಹೊಸದಾಗಿ ಬರೆದಾಗಲೂ ಇದೇ ಮಾತನ್ನು ಇನ್ನಷ್ಟು ಬಿಗಿಯಾಗಿ ಹೇಳಿತು: ಅಂಗಾತ, ಗಟ್ಟಿ ಹಾಸಿಗೆ, ಸಮತಟ್ಟು, ಮಗುವಿನ ಸುತ್ತ ಬೇರೇನೂ ಬೇಡ, ಕಡಿಮೆ ಅಂದರೂ ಆರು ತಿಂಗಳು ಅಪ್ಪ ಅಮ್ಮನ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ.

‘ಅಂಗಾತ ಮಲಗಿಸಿದರೆ ಹಾಲು ಕಕ್ಕಿ ಉಸಿರು ಕಟ್ಟಲ್ವಾ?’ ಅಂತ ಪ್ರತಿಯೊಬ್ಬ ಅಜ್ಜಿಯೂ ನನ್ನನ್ನು ಕೇಳಿದ್ದಾರೆ. ನಿಮ್ಮ ಅಮ್ಮನೂ ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರಿ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತದೆ, ಅನ್ನನಾಳ ಅದರ ಕೆಳಗಿರುತ್ತದೆ. ಮೇಲೆ ಬಂದ ಹಾಲು ಉಸಿರಿನ ದಾರಿಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಬೋರಲು ಮಲಗಿಸಿದರೆ ಉಸಿರಿನ ಕೊಳವೆ ಕೆಳಕ್ಕೆ ಬರುತ್ತದೆ, ಹಾಲು ಅದಕ್ಕೆ ಇಳಿಯುವುದೇ ಸುಲಭ. ಹಾಲು ಕುಡಿಸಿದ ಮೇಲೆ ಹತ್ತು ಹದಿನೈದು ನಿಮಿಷ ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ತೇಗು ಬರಿಸಿ, ಆಮೇಲೆ ಅಂಗಾತ ಮಲಗಿಸಿ.

ಈಗ ಆ ಮೂರು ವಿಶೇಷಗಳಿಗೆ ಬರೋಣ. ತಲೆಯ ಕಡೆ ಎತ್ತರಿಸುವುದು ಹಾಲು ಕಕ್ಕುವ ಮಗುವಿಗೆ ಒಳ್ಳೆಯದು ಅಂತ ಬರೆದಿರುತ್ತಾರೆ. ಅದರಿಂದ ಹಾಲು ಕಕ್ಕುವುದು ಕಡಿಮೆಯಾಗುವುದಿಲ್ಲ. ಇಳಿಜಾರಿನಲ್ಲಿ ಮಗು ಮೆಲ್ಲಗೆ ಕೆಳಗೆ ಜಾರುತ್ತದೆ, ಗಲ್ಲ ಎದೆಗೆ ಬರುತ್ತದೆ. ಅಮೆರಿಕದಲ್ಲಿ 2019ರಲ್ಲಿ ಒಂದೇ ಮಾದರಿಯ ಓರೆ ತೊಟ್ಟಿಲುಗಳನ್ನು, ಸುಮಾರು 47 ಲಕ್ಷದಷ್ಟು, ಮಕ್ಕಳ ಸಾವಿನ ನಂತರ ವಾಪಸ್ ತರಿಸಿಕೊಂಡರು. 2022ರಲ್ಲಿ ಅಲ್ಲಿ ಕಾನೂನೇ ಬಂತು: ಹತ್ತು ಡಿಗ್ರಿಗಿಂತ ಜಾಸ್ತಿ ಓರೆ ಇರುವ ಹಾಸಿಗೆಯನ್ನು ಮಗು ಮಲಗಿಸಲು ಅಂತ ಮಾರುವಂತಿಲ್ಲ. ಅದೇ ಕಾನೂನು ಸುತ್ತಲೂ ಕಟ್ಟುವ ದಪ್ಪನೆಯ ಮೆತ್ತನೆ ಪ್ಯಾಡನ್ನೂ ನಿಷೇಧಿಸಿತು. ಮಗುವಿನ ಮುಖ ಆ ಪ್ಯಾಡಿಗೂ ಹಾಸಿಗೆಗೂ ನಡುವೆ ಸಿಕ್ಕಿಕೊಳ್ಳುತ್ತದೆ ಅನ್ನುವುದೇ ಕಾರಣ. ನಮ್ಮಲ್ಲಿ ಈ ಎರಡೂ ಈಗಲೂ ‘ಪ್ರೀಮಿಯಂ’ ಅಂತ ಮಾರಾಟವಾಗುತ್ತಿವೆ. ಇದು ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ. ಮಗುವಿಗೆ ಚೆನ್ನಾಗಿರಲಿ ಅಂತ ಜಾಸ್ತಿ ದುಡ್ಡು ಕೊಡುವ ಅಪ್ಪನೇ ಜಾಸ್ತಿ ಅಪಾಯ ಮನೆಗೆ ತರುವಂತಾಗುತ್ತದೆ.

ತೂಗುವ ವ್ಯವಸ್ಥೆ ಇದ್ದರೆ ರಾತ್ರಿ ಅದನ್ನು ಲಾಕ್ ಮಾಡಲು ಬರಬೇಕು, ಲಾಕ್ ಆದ ಮೇಲೆ ಹಾಸಿಗೆ ಸಮತಟ್ಟಾಗಿ ನಿಲ್ಲಬೇಕು. ಇಲ್ಲದಿದ್ದರೆ ಅದು ಬೇಡ. ಮಂಚಕ್ಕೆ ತಾಗಿಸಿದ ಕ್ರಿಬ್ ಅಲುಗಾಡಬಾರದು. ತೂಗಲು ನಿಮ್ಮ ಅಟ್ಟದ ತೊಟ್ಟಿಲೇ ಇದೆಯಲ್ಲ.

ಇನ್ನು ಅಳತೆ. ಈ ಕ್ರಿಬ್‌ಗಳನ್ನು ಹೊರದೇಶದ ಮಂಚಗಳನ್ನು ನೋಡಿ ಮಾಡಿದ್ದಾರೆ. ಮಂಚದ ಕೆಳಗೆ ಖಾಲಿ ಜಾಗ ಇರುತ್ತದೆ, ಕ್ರಿಬ್ಬಿನ ಕಾಲುಗಳು ಅದರೊಳಗೆ ತೂರುತ್ತವೆ ಅನ್ನುವುದು ಅವರ ಲೆಕ್ಕ. ನಮ್ಮ ಊರುಗಳ ಫ್ಲ್ಯಾಟುಗಳಲ್ಲಿ ಈಗ ಎಲ್ಲ ಕಡೆ ಸ್ಟೋರೇಜ್ ಮಂಚ. ಹಲಗೆ ನೆಲದವರೆಗೂ ಬಂದಿರುತ್ತದೆ. ಕಾಲು ತೂರಲು ಜಾಗವೇ ಇಲ್ಲ, ಕ್ರಿಬ್ ಅರ್ಧ ಅಡಿ ಆಚೆ ನಿಲ್ಲುತ್ತದೆ. ನಿಮ್ಮ ಬೆಂಗಳೂರಿನ ಮಂಚ ಅಂಥದ್ದಾದರೆ ಬಾಗಿ ನೋಡಿ. ಕೆಲವು ಮಾದರಿಗಳಲ್ಲಿ ಕಾಲು ಒಳಕ್ಕೆ ಮಡಚಿಕೊಳ್ಳುತ್ತದೆ. ಅಂಥದ್ದೇ ಬೇಕು.

ಹಾವೇರಿಯ ಮಂಚ ಹಳೆಯ ಸಾಗುವಾನಿಯದು ಅಂತ ಇಟ್ಟುಕೊಳ್ಳೋಣ. ಕೆಳಗೆ ಜಾಗ ಬೇಕಾದಷ್ಟಿರುತ್ತದೆ. ಅಲ್ಲಿ ತೊಂದರೆ ಬೇರೆ. ಹಳೆಯ ಮಂಚದ ಪಕ್ಕದ ಪಟ್ಟಿ ಹಾಸಿಗೆಗಿಂತ ಒಂದೆರಡು ಇಂಚು ಆಚೆ ಚಾಚಿರುತ್ತದೆ. ಕ್ರಿಬ್ ಪಟ್ಟಿಗೆ ತಾಗುತ್ತದೆ, ಹಾಸಿಗೆಗೆ ತಾಗುವುದಿಲ್ಲ. ನಡುವೆ ಕಂದಕ. ಹಾಸಿಗೆಯನ್ನೇ ಎಳೆದು ಕ್ರಿಬ್ಬಿಗೆ ಒತ್ತಿಸಲು ಬರುತ್ತದೆಯೇ ನೋಡಬೇಕು. ಬಂದರೆ, ಗೋಡೆಯ ಕಡೆ ಖಾಲಿಯಾದ ಜಾಗಕ್ಕೆ ಒಂದು ಕೌದಿಯನ್ನು ಬಿಗಿಯಾಗಿ ಸುತ್ತಿ ತುರುಕಿ, ಹಾಸಿಗೆ ಹಿಂದಕ್ಕೆ ಸರಿಯದ ಹಾಗೆ. ಪಟ್ಟಿ ಎತ್ತರವಿದ್ದು ಹಾಸಿಗೆ ಅದರ ಒಳಗೆ ಕೂತಿದ್ದರೆ ಈ ಉಪಾಯ ನಡೆಯುವುದಿಲ್ಲ.

ಎರಡನೆಯ ಅಳತೆ ಎತ್ತರ. ನೆಲದಿಂದ ಹಾಸಿಗೆಯ ಮೇಲಿನ ಅಂಚಿನವರೆಗೆ ಅಳೆಯಬೇಕು. ಹತ್ತಿ ಹಾಸಿಗೆಯಾದರೆ ಅಂಚಿನ ಮೇಲೆ ಒಬ್ಬರು ಕೂತಿರುವಾಗ ಅಳೆಯಿರಿ, ಏಕೆಂದರೆ ಹಳೆಯ ಹತ್ತಿ ಹಾಸಿಗೆ ಭಾರ ಬಿದ್ದರೆ ತಗ್ಗುತ್ತದೆ. ಖಾಲಿ ಹಾಸಿಗೆಯ ಅಳತೆಗೂ ನೀವು ಮಲಗಿದಾಗಿನ ಅಳತೆಗೂ ಒಂದೆರಡು ಇಂಚು ವ್ಯತ್ಯಾಸ ಬರಬಹುದು. ಕ್ರಿಬ್ಬಿನ ಇಳಿಸಿದ ಬದಿಯ ಪಟ್ಟಿ ನಿಮ್ಮ ಹಾಸಿಗೆಯ ಮೇಲ್ಮೈಗೆ ಸಮ ಬರಬೇಕು. ಮಗುವಿನ ಹಾಸಿಗೆ ಆ ಪಟ್ಟಿಗಿಂತ ಒಂದು ಗೇಣಿನ ಅರ್ಧದಷ್ಟಾದರೂ ಕೆಳಗಿರಬೇಕು. ಆಗ ಮಗು ಒಂದು ಸಣ್ಣ ತಗ್ಗಿನಲ್ಲಿ ಮಲಗಿದ ಹಾಗಿರುತ್ತದೆ. ಅದು ನಿಮ್ಮ ಕಡೆ ಉರುಳುವುದಿಲ್ಲ, ನಿಮ್ಮ ಹೊದಿಕೆ ಅದರ ಮೇಲೆ ಜಾರುವುದಿಲ್ಲ. ಒಂದು ಬದಿ ಪೂರ್ತಿ ಇಲ್ಲದೆ ಎರಡು ಹಾಸಿಗೆ ಒಂದೇ ಸಮ ಸೇರುವ ಕ್ರಿಬ್‌ಗಳೂ ಸಿಗುತ್ತವೆ. ನೋಡಲು ಚೆಂದ. ನಾನು ಅಂಥದ್ದನ್ನು ಯಾರಿಗೂ ಹೇಳುವುದಿಲ್ಲ.

ಮೂರನೆಯದು ಕಟ್ಟುವ ಪಟ್ಟಿ, ಬೆಲ್ಟು. ಅದು ನಿಮ್ಮ ಹಾಸಿಗೆಯ ಕೆಳಗೆ ಹಾದು ಮಂಚದ ಆಚೆ ಬದಿಯ ಚೌಕಟ್ಟಿಗೆ ಬಿಗಿಯಬೇಕು. ಚಕ್ರದ ಬ್ರೇಕ್ ಒಂದನ್ನೇ ನಂಬಬೇಡಿ. ಮೊಸಾಯಿಕ್ ನೆಲ, ರೆಡ್ ಆಕ್ಸೈಡ್ ನೆಲ ಇದ್ದ ಮನೆಗಳಲ್ಲಿ ಬ್ರೇಕ್ ಹಾಕಿದ ಚಕ್ರವೂ ಜಾರುತ್ತದೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ನೆಂಟರ ಮನೆಗೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಮಗುವಿಗೆ ಇಪ್ಪತ್ತು ದಿನ. ಒಳ್ಳೆಯ ಕ್ರಿಬ್, ಮಂಚಕ್ಕೆ ಅಂಟಿಕೊಂಡ ಹಾಗೇ ಕಾಣುತ್ತಿತ್ತು. ಮಾತಾಡುತ್ತಾ ನಾನು ಮಂಚದ ಅಂಚಿಗೆ ಕೂತೆ. ಹಾಸಿಗೆ ತಗ್ಗಿತು, ಕ್ರಿಬ್ ಒಂಚೂರು ಆಚೆ ಸರಿಯಿತು. ಮನಸ್ಸು ತಡೆಯದೆ ನಡುವೆ ಕೈ ಹಾಕಿದೆ. ಅಂಗೈ ಪೂರ್ತಿ ಇಳಿಯಿತು, ಬಳೆ ಅಂಚಿಗೆ ತಾಗಿ ನಿಂತಿತು. ಬೆಳಿಗ್ಗೆ ಮಂಚದ ಕೆಳಗೆ ಗುಡಿಸಲು ಬೆಲ್ಟು ಬಿಚ್ಚಿದ್ದರು, ಮತ್ತೆ ಕಟ್ಟುವುದು ಮರೆತಿತ್ತು. ಮಗು ಬಾಯಿ ಅರ್ಧ ತೆರೆದು ಆರಾಮಾಗಿ ನಿದ್ದೆ ಮಾಡುತ್ತಿತ್ತು. ನನಗೆ ಅವತ್ತು ಮಧ್ಯಾಹ್ನದ ಊಟ ಸೇರಲಿಲ್ಲ. ಅವತ್ತಿನಿಂದ ನಾನು ಎಲ್ಲ ತಾಯಂದಿರಿಗೂ ಒಂದು ಅಭ್ಯಾಸ ಹೇಳಿಕೊಡುತ್ತೇನೆ. ರಾತ್ರಿ ದೀಪ ಆರಿಸುವ ಮುಂಚೆ ಕ್ರಿಬ್ಬನ್ನು ಆಚೆ ತಳ್ಳಿ ನೋಡಿ, ಆಮೇಲೆ ನಡುವೆ ಬೆರಳು ತೂರಿಸಿ ನೋಡಿ. ಬೆರಳು ಹೋಗಬಾರದು. ಹೋದರೆ ಆ ಸಂದಿಗೆ ದಿಂಬು, ಟವೆಲ್ ತುಂಬಬೇಡಿ, ಅದು ಇನ್ನೂ ಅಪಾಯ. ಬೆಲ್ಟು ಬಿಗಿಯಿರಿ. ಬಿಗಿಯಲು ಆಗದಿದ್ದರೆ ಇಳಿಸಿದ ಬದಿಯನ್ನು ಮೇಲೆತ್ತಿ ಲಾಕ್ ಮಾಡಿ, ಕ್ರಿಬ್ಬನ್ನು ಒಂದು ಅಡಿ ಆಚೆ ಇಡಿ. ಪೂರ್ತಿ ಅಂಟಿರಬೇಕು, ಇಲ್ಲವೇ ಪೂರ್ತಿ ಬೇರೆ ಇರಬೇಕು. ನಡುವಿನ ಸ್ಥಿತಿಯೇ ಮಗುವನ್ನು ಸಿಕ್ಕಿಸುವುದು.

ಹಾಗಾಗಿ ಕೊಳ್ಳುವಾಗಲೇ ನಾಲ್ಕೂ ಬದಿ ಮೇಲೆತ್ತಿ ಲಾಕ್ ಮಾಡಲು ಬರುವ ಕ್ರಿಬ್ಬನ್ನೇ ಆರಿಸಿ. ಹಾವೇರಿಯ ಮಂಚಕ್ಕೆ ಅದು ಹೊಂದದಿದ್ದರೂ ದುಡ್ಡು ದಂಡವಾಗುವುದಿಲ್ಲ. ಒಂದು ಅಡಿ ಆಚೆ ಬೇರೆ ತೊಟ್ಟಿಲಾಗಿ ನಿಲ್ಲುತ್ತದೆ.

ಒಳಗಿನ ಹಾಸಿಗೆಯ ವಿಷಯದಲ್ಲಿ ಎಲ್ಲರಿಗೂ ಮನಸ್ಸು ಕರಗುತ್ತದೆ. ಕೈ ಇಟ್ಟು ನೋಡಿ ‘ಅಯ್ಯೋ, ಹಲಗೆ ಥರ ಇದೆ, ಮಗುವಿಗೆ ನೋಯುತ್ತೆ’ ಅಂತ ಮೇಲೊಂದು ಬೂರುಗದ ಹತ್ತಿಯ ಹಾಸಿಗೆ ಹಾಸುತ್ತಾರೆ. ಬೇಡ. ಮೂರು ಕೆಜಿ ತೂಕದ ಮೈಗೆ ಗಟ್ಟಿ ಹಾಸಿಗೆ ಒತ್ತುವುದಿಲ್ಲ. ನಮಗೆ ಒತ್ತುತ್ತದೆ, ನಾವು ಅರವತ್ತು ಕೆಜಿ ಇದ್ದೇವೆ. ಪರೀಕ್ಷೆ ಸುಲಭ: ಅಂಗೈಯನ್ನು ಗಟ್ಟಿಯಾಗಿ ಒತ್ತಿ ತೆಗೆಯಿರಿ. ಅಂಗೈಯ ಗುರುತು ತಕ್ಷಣ ಮಾಯವಾಗಬೇಕು. ಗುಳಿ ಉಳಿದರೆ ಅದು ಮೆದು. ಹಾಸಿಗೆಯ ಅಂಚಿಗೂ ಕ್ರಿಬ್ಬಿನ ಗೋಡೆಗೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಇರಬಾರದು. ಕ್ರಿಬ್ ಜೊತೆ ಬಂದ ಹಾಸಿಗೆಯನ್ನೇ ಬಳಸಿ, ದಪ್ಪದ್ದು ಬೇರೆ ತರಬೇಡಿ. ಹಾಸಿಗೆ ದಪ್ಪವಾದಷ್ಟೂ ಬದಿಯ ತಡೆ ಗಿಡ್ಡವಾಗುತ್ತದೆ. ಮೇಲೆ ಎಲಾಸ್ಟಿಕ್ ಇರುವ ಬಿಗಿ ಬೆಡ್‌ಶೀಟ್ ಒಂದು, ಅದರ ಕೆಳಗೆ ಬೇಕಿದ್ದರೆ ತೆಳು ಡ್ರೈ ಶೀಟ್. ಅಷ್ಟೇ.

ಬದಿಗೆ ಜಾಲರಿ ಬಟ್ಟೆಯಿದ್ದರೆ ಒಳ್ಳೆಯದು, ಗಾಳಿಯಾಡುತ್ತದೆ. ಮಲಗಿದಲ್ಲಿಂದಲೇ ನಿಮಗೆ ಮಗುವಿನ ಮುಖ ಕಾಣುತ್ತದೆ. ಮರದ ಕಂಬಿಗಳಿದ್ದರೆ ಎರಡು ಕಂಬಿಗಳ ನಡುವೆ ಸ್ಕೇಲ್ ಇಟ್ಟು ನೋಡಿ, 6 ಸೆಂಟಿಮೀಟರ್‌ಗಿಂತ ಜಾಸ್ತಿ ಇರಬಾರದು. ಅದಕ್ಕಿಂತ ಅಗಲವಾದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಹುದು. ಪೆಟ್ಟಿಗೆಯ ಮೇಲೋ ಕಿರುಪುಸ್ತಕದಲ್ಲೋ ಯುರೋಪಿನ ಇಎನ್ 1130 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್ 2906 ಅನ್ನುವ ಮಾನದಂಡದ ಹೆಸರು ಇದೆಯೇ ನೋಡಿ. ಇದ್ದರೆ ಬಲ, ಗಟ್ಟಿತನ, ಸಂದಿಗಳ ಅಳತೆಗೆ ಇಂತಿಷ್ಟೇ ಇರಬೇಕು ಅನ್ನುವ ನಿಯಮದ ಪ್ರಕಾರ ಮಾಡಿದ್ದು ಅಂತ ಅರ್ಥ. ‘ಅಂತರರಾಷ್ಟ್ರೀಯ ಗುಣಮಟ್ಟ’ ಅಂತ ಸುಮ್ಮನೆ ಬರೆದಿದ್ದರೆ ಅದಕ್ಕೆ ಬೆಲೆಯಿಲ್ಲ. ಬೇರೆಯವರು ಬಳಸಿದ್ದನ್ನು ತರುವುದಾದರೆ ತರಬಹುದು, ಆದರೆ ಬೆಲ್ಟು, ಎಲ್ಲ ಸ್ಕ್ರೂ, ಮೂಲ ಹಾಸಿಗೆ ಮತ್ತು ಕಿರುಪುಸ್ತಕ ಇರಲೇಬೇಕು. ಒಂದು ಕಳೆದಿದ್ದರೂ ಬೇಡ.

ಈಗ ನಿಮಗೆ ಸಿಗುವ ಆರಾಮ. ಮೊದಲ ವಾರಗಳಲ್ಲಿ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ರಾತ್ರಿಯೇ ಮೂರು ನಾಲ್ಕು ಸಲ ಆಯಿತು. ಸಿಸೇರಿಯನ್ ಆದರೆ ಪ್ರತಿ ಸಲ ಎದ್ದು, ಬಾಗಿ, ಎತ್ತುವುದು ಹೊಲಿಗೆಗೆ ಹಿಂಸೆ. ಕ್ರಿಬ್ ಪಕ್ಕದಲ್ಲಿದ್ದರೆ ಮಗ್ಗುಲು ತಿರುಗಿ, ಮಗುವಿನ ಕೆಳಗೆ ಎರಡೂ ಕೈ ಹಾಕಿ ಹತ್ತಿರ ಎಳೆದುಕೊಂಡರೆ ಆಯಿತು. ಯಾವ ಮಗ್ಗುಲಿನಿಂದ ಏಳುವುದು ನಿಮಗೆ ಸುಲಭ ಅಂತ ಈಗಲೇ ಗಮನಿಸಿ, ಕ್ರಿಬ್ಬನ್ನು ಅದರ ಎದುರು ಬದಿಗೆ ಇಡಿ. ಇಲ್ಲದಿದ್ದರೆ ನೀವು ಬಚ್ಚಲಿಗೆ ಹೋಗಲು ಪ್ರತಿ ಸಲ ಮಂಚದ ತುದಿಯವರೆಗೆ ಜರುಗಬೇಕಾಗುತ್ತದೆ. ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ.

ರಾತ್ರಿ ಹಾಲೂಡಿಸುತ್ತಾ ನಿದ್ದೆ ಹತ್ತುವುದು ಸಹಜ. ಅದಕ್ಕೆ ತಪ್ಪು ಮಾಡಿದೆ ಅಂತ ಅಳಬೇಡಿ. ಎಚ್ಚರವಾದ ತಕ್ಷಣ ಮಗುವನ್ನು ಕ್ರಿಬ್ಬಿಗೆ ಸರಿಸಿ. ಆದರೆ ನಿದ್ದೆ ಎಳೆಯುವ ಹೊತ್ತಲ್ಲಿ ಸೋಫಾದಲ್ಲೋ ಆರಾಮ ಕುರ್ಚಿಯಲ್ಲೋ ಕೂತು ಹಾಲು ಕುಡಿಸಲೇಬೇಡಿ. ದಿಂಬು, ರಜಾಯಿ ಇಲ್ಲದ ಮಂಚಕ್ಕಿಂತ ಸೋಫಾ ಎಷ್ಟೋ ಪಾಲು ಅಪಾಯ, ಮಗು ಮೆತ್ತೆಯ ಸಂದಿಗೆ ಜಾರಿಬಿಡುತ್ತದೆ. ಮಗು ಅವಧಿಗೆ ಮುಂಚೆ ಹುಟ್ಟಿದರೆ ಅಥವಾ ತೂಕ ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ಒಂದೇ ಹಾಸಿಗೆಯಲ್ಲಿ ಮಲಗಿಸುವುದು ಖಂಡಿತ ಬೇಡ. ಅಂಥ ಮಗುವಿಗೆ ಎಚ್ಚರವಿರುವಾಗ ಎದೆಗೆ ಮೈಗೆ ಮೈ ತಾಗಿಸಿ ಇಟ್ಟುಕೊಳ್ಳುವ ಕಾಂಗರೂ ಆರೈಕೆ ಬೇಕು. ಅದನ್ನು ಆಸ್ಪತ್ರೆಯಲ್ಲೇ ಕಲಿತು ಬನ್ನಿ. ಹಾಗೆಯೇ, ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುವವರಿದ್ದರೆ ಒಂದೇ ಹಾಸಿಗೆಯ ಅಪಾಯ ಇನ್ನೂ ಹೆಚ್ಚುತ್ತದೆ.

ಅಮ್ಮನ ತೊಟ್ಟಿಲ ಬಗ್ಗೆ ನನಗೆ ಗೌರವವಿದೆ. ಹಾವೇರಿ ಅಂದಿರಿ, ಅದು ಕಲಘಟಗಿಯ ತೊಟ್ಟಿಲೇ ಇರಬಹುದೇನೋ. ಪುರಾಣದ ಚಿತ್ರ ಬರೆದ ಆ ಬಣ್ಣದ ತೊಟ್ಟಿಲುಗಳು ಮೂರು ನಾಲ್ಕು ತಲೆಮಾರು ಬಾಳುತ್ತವೆ. ತೊಟ್ಟಿಲಿಗೆ ಹಾಕುವ ದಿನ ಮಗು ಅದರಲ್ಲೇ ಮಲಗಲಿ, ಹೆಸರಿಟ್ಟು ಹಾಡು ಹೇಳಲಿ. ಹಗಲು ಯಾರಾದರೂ ಪಕ್ಕದಲ್ಲಿ ಕೂತು ತೂಗುವಾಗಲೂ ಬಳಸಿ. ಅದಕ್ಕೆ ಮುಂಚೆ ಕೆಳಗಿಳಿಸಿ, ಸರಪಳಿ, ಕೊಂಡಿ, ತೊಲೆಯ ಕೊಕ್ಕೆ ಎಳೆದು ನೋಡಿ. ಕಂಬಿಗಳ ನಡುವಿನ ಜಾಗ ಅಳೆಯಿರಿ. ಇನ್ನೊಂದು ಮಾತು, ಹಳೆಯ ತೊಟ್ಟಿಲಿಗೆ ಯಾವಾಗಲೋ ಅಂಗಡಿಯ ಪೇಂಟ್ ಬಳಿದು, ಅದು ಈಗ ಏಳುತ್ತಿದ್ದರೆ ಹುಷಾರು. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ಮನೆಯೊಳಗೆ ಉಜ್ಜಿ ತೆಗೆಯಬೇಡಿ, ಆ ಪುಡಿಯೇ ವಿಷ.

ಸೀರೆಯ ಜೋಳಿಗೆ ಬೇರೆ ವಿಷಯ. ಅದರಲ್ಲಿ ಮಗುವಿನ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಗಲ್ಲ ಎದೆಗೆ ಬರುತ್ತದೆ. ಬಟ್ಟೆ ಎರಡೂ ಕಡೆಯಿಂದ ಮುಖದ ಮೇಲೆ ಮುಚ್ಚಿಕೊಳ್ಳುತ್ತದೆ. ಎಳೆಗೂಸಿಗೆ, ಅದರಲ್ಲೂ ಮೂರು ನಾಲ್ಕು ತಿಂಗಳೊಳಗಿನ ಮಗುವಿಗೆ, ರಾತ್ರಿ ಮಲಗಲು ಅದು ತಕ್ಕದ್ದಲ್ಲ. ಮನೆಯಲ್ಲಿ ದೊಡ್ಡ ಮಕ್ಕಳಿದ್ದರೆ ಮಗುವನ್ನು ಎತ್ತಿಕೊಂಡ ಮೇಲೆ ಜೋಳಿಗೆಯನ್ನು ಮೇಲಕ್ಕೆ ಕಟ್ಟಿಬಿಡಿ. ಆಟ ಆಡಲು ಹೋಗಿ ಕುತ್ತಿಗೆಗೆ ಸುತ್ತಿಕೊಳ್ಳುತ್ತಾರೆ.

ತವರಿನ ಬಾಣಂತಿ ಕೋಣೆಯ ಬಗ್ಗೆ ಹೇಳದಿದ್ದರೆ ಕ್ರಿಬ್ಬಿನ ಮಾತು ಅರ್ಧವೇ ಆಗುತ್ತದೆ. ನಿಮ್ಮ ಕಡೆ ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ಪದ್ಧತಿ ಇನ್ನೂ ಇದೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಕ್ರಿಬ್ ಆ ಮಂಚಕ್ಕೆ ಅಂಟಿಕೊಂಡೇ ಇರುತ್ತದೆ, ಬಟ್ಟೆ ಜಾಲರಿಗೆ ಕಿಡಿ ಬಿದ್ದರೆ ಹೇಳುವುದೇ ಬೇಡ. ಈ ಒಂದು ವಿಷಯದಲ್ಲಿ ಅಮ್ಮನ ಹತ್ತಿರ ಕೈಮುಗಿದು ಹಟ ಹಿಡಿಯಿರಿ. ಸ್ನಾನವಾದ ಮೇಲೆ ಹಾಕುವ ಸಾಂಬ್ರಾಣಿ ಹೊಗೆಯೂ ಮಗುವಿಗೆ ಬೇಡ, ಸೊಳ್ಳೆ ಬತ್ತಿಯೂ ಬೇಡ. ಸೊಳ್ಳೆಗೆ ಪರದೆಯೇ ಒಳ್ಳೆಯದು. ಕ್ರಿಬ್ ಪಕ್ಕದಲ್ಲಿದ್ದರೆ ನಿಮ್ಮ ಮಂಚಕ್ಕೂ ಅದಕ್ಕೂ ಸೇರಿ ಒಂದೇ ದೊಡ್ಡ ಪರದೆ ಕಟ್ಟಿಸಿ, ನಾಲ್ಕೂ ಕಡೆ ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿ. ಸಡಿಲವಾಗಿ ಮಗುವಿನ ಮೇಲೆ ಜೋತಾಡಬಾರದು.

ಬೆಚ್ಚಗಿರಲಿ ಅಂತ ಕುಲಾವಿ, ಸ್ವೆಟರ್, ಕಾಲುಚೀಲ, ಮೇಲೊಂದು ಕೌದಿ ಹೊದಿಸುತ್ತಾರೆ. ತುಂಬಾ ಸೆಖೆಯಾಗುವುದೂ ಮಗುವಿಗೆ ಅಪಾಯವೇ. ನಿಮಗೆ ಹಿತವಾಗುವ ಬಟ್ಟೆಗಿಂತ ಒಂದು ಪದರ ಜಾಸ್ತಿ ಸಾಕು. ಕೈಕಾಲು ತಣ್ಣಗಿದೆ ಅಂತ ಗಾಬರಿಯಾಗಬೇಡಿ, ಎಳೆಗೂಸಿನ ಕೈಕಾಲು ತಣ್ಣಗೇ ಇರುತ್ತದೆ. ಕತ್ತಿನ ಹಿಂಭಾಗ, ಎದೆ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಮನೆಯೊಳಗೆ ಮಲಗುವಾಗ ಕುಲಾವಿ ಬೇಡ, ಜಾರಿ ಮುಖಕ್ಕೆ ಬರುತ್ತದೆ. ಫ್ಯಾನ್ ಹಾಕಬಹುದು, ಗಾಳಿ ನೇರ ಮುಖಕ್ಕೆ ಹೊಡೆಯದಿದ್ದರಾಯಿತು. ಹೊದಿಕೆಯ ಬದಲು ಬಟ್ಟೆಯಲ್ಲೇ ಸುತ್ತಿ ಮಲಗಿಸುವುದಾದರೆ ಎದೆಯ ಹತ್ತಿರ ಎರಡು ಬೆರಳು ಆಡುವಷ್ಟು ಸಡಿಲ ಇರಲಿ, ಕಾಲು ಮಡಚಿ ಚಾಚಲು ಜಾಗ ಇರಲಿ. ಮಗು ಮಗ್ಗುಲಾಗಲು ಪ್ರಯತ್ನ ಮಾಡಿದ ದಿನವೇ ಸುತ್ತುವುದನ್ನು ನಿಲ್ಲಿಸಿ.

ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು, ರಾಗಿ ದಿಂಬು ಹೊಲಿದಿಟ್ಟಿರುತ್ತಾರೆ. ಕ್ರಿಬ್ಬಿನಲ್ಲಿ ಯಾವ ದಿಂಬೂ ಬೇಡ. ಎಚ್ಚರವಿದ್ದಾಗ, ನೀವು ಎದುರಿಗಿರುವಾಗ, ಮಗುವನ್ನು ಕೆಲವು ನಿಮಿಷ ಹೊಟ್ಟೆಯ ಮೇಲೆ ಮಲಗಿಸಿ. ತಲೆಯೂ ದುಂಡಗಾಗುತ್ತದೆ, ಕುತ್ತಿಗೆಗೂ ಬಲ ಬರುತ್ತದೆ. ಕೊರಳಿನ ಕರಿದಾರವನ್ನು ಮಲಗುವಾಗ ತೆಗೆದಿಡಿ, ಅಮ್ಮನಿಗೆ ಸಮಾಧಾನವಿಲ್ಲದಿದ್ದರೆ ಬಿಚ್ಚಿಕೊಳ್ಳದ ಹಾಗೆ ಕಾಲಿಗೆ ಕಟ್ಟಲಿ. ದೃಷ್ಟಿಗೆ ಅಂತ ದಿಂಬಿನ ಕೆಳಗೆ ಇಡುವ ಕಬ್ಬಿಣದ ಚೂರು, ಕುಡುಗೋಲು ಮಂಚದಿಂದ ದೂರ, ಗೂಡಿನಲ್ಲಿರಲಿ. ಅಲ್ಲಿಂದಲೂ ಕಾಯುತ್ತದೆ ಅಂತ ನಾನು ಅಜ್ಜಿಯರಿಗೆ ಹೇಳಿದಾಗ ಬಹಳಷ್ಟು ಜನ ಒಪ್ಪಿದ್ದಾರೆ.

ಯಾವ ಕ್ರಿಬ್ಬೂ ಹೊಂದುವುದಿಲ್ಲ ಅಂತಾದರೆ ಏನು ಮಾಡುವುದು? ಬೇಸರ ಬೇಡ. ಜಾಲರಿ ಬದಿಯ, ಸಮತಟ್ಟು ತಳದ ಸಾದಾ ಮಡಚುವ ಕ್ರಿಬ್ ಒಂದನ್ನು ಮಂಚದಿಂದ ಒಂದು ಅಡಿ ಆಚೆ ಇಟ್ಟರೆ ಮಗುವಿಗೆ ಅಷ್ಟೇ ಕ್ಷೇಮ. ಎತ್ತಿಕೊಳ್ಳಲು ನಿಮಗೆ ಒಂದು ಹೆಜ್ಜೆ ಜಾಸ್ತಿ ಅಷ್ಟೇ. ಆ ಮೊದಲ ವಾರಗಳಲ್ಲಿ ರಾತ್ರಿ ಮಗುವನ್ನು ಎತ್ತಿಕೊಡಲು ಅಮ್ಮನೋ ಯಜಮಾನರೋ ಅದೇ ಕೋಣೆಯಲ್ಲಿ ಮಲಗಲಿ. ನೆಲದ ಮೇಲೆ ಹಾಸಿ ಮಲಗುವ ಮನೆಯಾದರೆ ನಿಮ್ಮ ಹಾಸಿಗೆಯಿಂದ ಒಂದು ಅಡಿ ಬಿಟ್ಟು, ಗೋಡೆಯಿಂದಲೂ ದೂರ, ಮಗುವಿಗೆ ಗಟ್ಟಿಯಾದ ತೆಳು ಹಾಸಿಗೆ ಬೇರೆ ಹಾಸಿ.

ಅಪ್ಪನಿಗೆ ಫೋನ್ ಮಾಡಿದಾಗ ನಾಲ್ಕು ಅಳತೆ ಬರೆದುಕೊಳ್ಳಿ: ನೆಲದಿಂದ ಹಾಸಿಗೆ ಮೇಲಿನವರೆಗೆ, ಅಂಚಿನಲ್ಲಿ ಒಬ್ಬರು ಕೂತಾಗ ಅದೇ ಎತ್ತರ, ಮಂಚದ ಕೆಳಗಿನ ಖಾಲಿ ಜಾಗದ ಎತ್ತರ, ಪಟ್ಟಿ ಹಾಸಿಗೆಯಿಂದ ಎಷ್ಟು ಆಚೆ ಚಾಚಿದೆ. ಬೆಂಗಳೂರಿನ ಮಂಚದ್ದೂ ಇದೇ ನಾಲ್ಕು. ಎರಡೂ ಕಡೆ ಹೊಂದುವ, ಎತ್ತರ ಬದಲಾಯಿಸಲು ಬರುವ ಕ್ರಿಬ್ ಸಿಕ್ಕರೆ ತನ್ನಿ. ಹೆರಿಗೆಗೆ ಮೂರು ನಾಲ್ಕು ವಾರ ಇರುವಾಗಲೇ ಜೋಡಿಸಿ ಇಡಿ, ಹೊಸ ಸಾಮಾನಿನ ವಾಸನೆ ಹೋಗಲಿ. ಬೆಲ್ಟು ಬಿಚ್ಚಿ ಕಟ್ಟುವುದನ್ನು ಅಮ್ಮನಿಗೂ, ಗುಡಿಸಿ ಒರೆಸಲು ಬರುವವರಿಗೂ ಕಲಿಸಿ. ಮೂರು ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ಮತ್ತೆ ಜೋಡಿಸಿದ ಮೊದಲ ರಾತ್ರಿ ಬೆರಳಿನ ಪರೀಕ್ಷೆ ಮತ್ತೆ ಮಾಡಿ. ಮುಂದೆ ಒಂದು ಬೆಳಿಗ್ಗೆ ಮಗು ಅಂಗೈ ಊರಿ ಎದೆ ಎತ್ತಿ ಪಟ್ಟಿಯ ಮೇಲಿಂದ ನಿಮ್ಮನ್ನು ಇಣುಕಿ ನೋಡುತ್ತದೆ. ಅವತ್ತೇ ಸಂಜೆ ಆ ಕ್ರಿಬ್ಬನ್ನು ಮಡಚಿಟ್ಟು, ಎತ್ತರದ ಕಟಕಟೆ ಇರುವ ದೊಡ್ಡ ತೊಟ್ಟಿಲಿಗೆ ಮಗುವನ್ನು ಬದಲಾಯಿಸಿ.